ದೂರದರ್ಶನಕ್ಕೆ ಹಾಕುವ ಬೀಗ

ಅಂತರ್ಜಾಲದಲ್ಲಿ ಚಿತ್ರಗಳನ್ನು ಒದಗಿಸುವವರು ಅವುಗಳನ್ನು ವಯಸ್ಸಿಗನುಗುಣವಾಗಿ ವಿಂಗಡಿಸಬೇಕು, 13 ವರ್ಷ ಹಾಗೂ ಮೇಲ್ಪಟ್ಟವರಿಗೆಂದು ಗುರುತಿಸಿದವುಗಳಿಗೆ ಪಾಲಕರು ಬೀಗ ಹಾಕುವ ಸೌಕರ್ಯವನ್ನು ಕೊಡಬೇಕು ಎಂದು ಕೇಂದ್ರ ಸರ್ಕಾರವು 2021ರಲ್ಲಿ ನಿಯಮ ಮಾಡಿತು. ಒಳ್ಳೆಯದೇ. ಆದರೆ ವರದಹಳ್ಳಿಯ ನಮ್ಮ ಮನೆಯಲ್ಲಿ ನಾನು ಹಾಕಿದ ನಾಲ್ಕಂಕಿಯ ಬೀಗವನ್ನು ಮೊಮ್ಮಗನು ಎರಡೇ ದಿನದಲ್ಲಿ ತೆರೆದನು. ಜನ್ಮವರ್ಷವನ್ನೇ ಗುಟ್ಟಿನ ಅಂಕಿಯಾಗಿಟ್ಟದ್ದು ನನ್ನ ಅವಿವೇಕ! ಅಂಕಿಯನ್ನು ಬದಲಿಸಿ, ನೋಡುವ ಹೊತ್ತಿಗೂ ಮಿತಿಯನ್ನು ಗೊತ್ತುಪಡಿಸಿದೆನು. ಆಗ ಅವನು, "ಅಜ್ಜಾ, ನಿನಗೆ ಮಿತಿ ಇಲ್ಲವೇ?" ಎಂದು ಕೇಳಿದನು.

ಮಗುವಿಗೆ ಇನ್ನೂ ವಿವೇಚನೆ ಬಲಿತಿಲ್ಲ. ಆದುದರಿಂದ ಬೀಗವು ಅನ್ಯಾಯವಲ್ಲ. ಆದರೆ ನಡೆನುಡಿ ಒಂದಾಗಿರಬೇಕೆಂದು ಪಾಠ ಹೇಳುವ ನಾನು, ರಾತ್ರಿ ಹತ್ತರವರೆಗೂ ವಾರ್ತೆಯವರ ಜಗಳವನ್ನು ನೋಡುತ್ತ ಕೂಡುವುದಕ್ಕೆ ಏನು ಸಮಾಧಾನ ಹೇಳಲಿ? ಈಗ ಸಂಜೆ ಏಳಕ್ಕೆ ಯಂತ್ರವು ಇಬ್ಬರ ಪಾಲಿಗೂ ನಿಲ್ಲುತ್ತದೆ. ಕ್ರಿಕೆಟ್ ಪಂದ್ಯದ ದಿನದ ವಿಷಯ ಮಾತ್ರ ಇನ್ನೂ ತೀರ್ಮಾನವಾಗಿಲ್ಲ.