ಅನೇಕಾಂತದ ಹೆಸರಿನಲ್ಲಿ ಸೆಪ್ಟೆಂಬರ್ 17

1948ರಲ್ಲಿ ಹೈದರಾಬಾದಿನ ನಿಜಾಮ ಸೋತ ಸೆಪ್ಟೆಂಬರ್ 17 ಬಂತೆಂದರೆ ನಮ್ಮ ಬೀದರಿನ ಕಡೆ ಅನೇಕಾಂತವಾದಕ್ಕೂ ಒಂದು ಸುಗ್ಗಿ. ಧ್ವಜ ಏರಿದ ಮೇಲೆ ಮಾತಿಗೆ ನಿಂತವರು, ಮರುದಿನ ಪತ್ರಿಕೆಗೆ ಬರೆಯುವವರು, ಇಬ್ಬರೂ ಒಂದಲ್ಲ ಒಂದು ಕಡೆ ಇದನ್ನು ಸೇರಿಸುತ್ತಾರೆ: ‘ಒಬ್ಬರಿಗೆ ಇದು ವಿಮೋಚನೆ, ಇನ್ನೊಬ್ಬರಿಗೆ ವಿಲೀನ, ಮತ್ತೊಬ್ಬರಿಗೆ ಪತನ. ಅವರವರ ಸತ್ಯ ಅವರವರಿಗೆ. ಜೈನರು ಇದನ್ನೇ ಅನೇಕಾಂತ ಅಂದರು.’ ನೌಬಾದದವರಾದರೆ ಊರಿನ ಸುರಂಗ ಬಾವಿಯನ್ನೂ ಎಳೆದು ತರುತ್ತಾರೆ: ಬಾಯಿ ಹಲವು, ನೀರು ಒಂದೇ! ಚಪ್ಪಾಳೆ ಬೀಳುತ್ತದೆ, ಸಭೆ ಮುಗಿಯುತ್ತದೆ, ಯಾರೂ ಯಾರಿಗೂ ಉತ್ತರ ಕೊಡಬೇಕಾಗಿಲ್ಲ.

ಜೈನರು ಹೀಗೆ ಅಂದಿಲ್ಲ. ಹೋಲಿಕೆಯೂ ಸರಿಯಿಲ್ಲ. ನೌಬಾದದ ಸುರಂಗ ಬಾವಿ ಕಂಡವರಿಗೆ ಗೊತ್ತು, ನೆಲದ ಮೇಲೆ ಸಾಲಾಗಿ ಬಾಯಿಗಳು, ಕೆಳಗೆ ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ಕೊರೆದ ಬಹಮನಿ ಕಾಲದ ಕಾಲುವೆ. ಎಲ್ಲಿ ಹಗ್ಗ ಇಳಿಬಿಟ್ಟರೂ ಕೊಡಕ್ಕೆ ಬರುವುದು ಅದೇ ನೀರು. 1948ಕ್ಕೆ ಹಗ್ಗ ಇಳಿಬಿಟ್ಟು ನೋಡಿ. ಬಸವಕಲ್ಯಾಣದ ಕಡೆಯ ಗೋರ್ಟಾದಲ್ಲಿ ಬರುವುದೇ ಒಂದು, ಬೀದರಿನ ಹಳೆಯ ಮೊಹಲ್ಲಾಗಳಲ್ಲಿ ಬರುವುದೇ ಇನ್ನೊಂದು. ಎರಡರ ರುಚಿಯೂ ಒಂದೇ ಎಂದು ಹೇಳುವವನು ಎರಡನ್ನೂ ಕುಡಿದಿಲ್ಲ.

ಮೊದಲು ಒಂದು ಕಸ ಗುಡಿಸಿಬಿಡೋಣ. ಸೆಪ್ಟೆಂಬರ್ 17 ಪೆರಿಯಾರ್ ಹುಟ್ಟಿದ ದಿನ (1879), ಪ್ರಧಾನಿ ನರೇಂದ್ರ ಮೋದಿ ಹುಟ್ಟಿದ ದಿನ (1950), ವಿಶ್ವಕರ್ಮ ಜಯಂತಿಯ ದಿನ. ‘ಒಂದೇ ದಿನಕ್ಕೆ ಎಷ್ಟೊಂದು ಅರ್ಥ!’ ಎಂದು ಬೆರಗಾಗುವವರು ಇವನ್ನೆಲ್ಲ ಒಂದೇ ಪಟ್ಟಿಗೆ ಹಾಕುತ್ತಾರೆ. ಇದು ತಾರೀಖಿನ ಕಾಕತಾಳೀಯ ಅಷ್ಟೇ. ಅನೇಕಾಂತ ಮಾತಾಡುವುದು ಒಂದೇ ವಸ್ತುವಿಗೆ ಇರುವ ಹಲವು ಧರ್ಮಗಳ ಬಗ್ಗೆ, ಒಂದೇ ಅಂಕಿಯ ಕೆಳಗೆ ಬಂದು ಬಿದ್ದ ಹಲವು ವಸ್ತುಗಳ ಬಗ್ಗೆ ಅಲ್ಲ. ನಮ್ಮ ವಸ್ತು 1948ರ ಆ ಒಂದು ಘಟನೆ.

ಘಟನೆಯ ಹೊರಮೈ ಬಗ್ಗೆ ಹೆಚ್ಚು ತಕರಾರಿಲ್ಲ. 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಕ್ಕೆ ನುಗ್ಗಿತು. 17ರ ಸಂಜೆ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ರೇಡಿಯೊದಲ್ಲಿ ಕದನ ನಿಲುಗಡೆ ಸಾರಿದ. 18ಕ್ಕೆ ಅವನ ಸೇನಾಪತಿ ಎಲ್ ಎದ್ರೂಸ್, ಮೇಜರ್ ಜನರಲ್ ಜೆ.ಎನ್. ಚೌಧುರಿಯ ಎದುರು ಶರಣಾದ. ಹೆಸರಿನ ತಕರಾರು ಇಲ್ಲಿಂದ ಶುರು. ಆಗಿನ ಬೀದರ ಜಿಲ್ಲೆಯನ್ನೇ ತೆಗೆದುಕೊಳ್ಳಿ. 1956ರಲ್ಲಿ ಅದನ್ನು ಮೂರು ಪಾಲು ಮಾಡಿದರು. ಉದಗೀರ, ಅಹ್ಮದಪುರ, ನಿಲಂಗಾ ಮುಂಬಯಿಗೆ ಹೋದವು, ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೆ. ಬೀದರ, ಭಾಲ್ಕಿ, ಔರಾದ, ಹುಮನಾಬಾದ ನಮಗೆ ಉಳಿದವು. ಹೀಗಾಗಿ ಅಂದಿನ ಒಂದು ಜಿಲ್ಲೆಯ ಒಂದು ದಿನಕ್ಕೆ ಇಂದು ಹಲವು ಸರ್ಕಾರಿ ಹೆಸರು. ಔರಾದ ದಾಟಿ ಉದಗೀರಕ್ಕೆ ಹೋದರೆ ಅದು ಮರಾಠವಾಡಾ ಮುಕ್ತಿ ಸಂಗ್ರಾಮ ದಿನ. ತೆಲಂಗಾಣದ ಕಡೆ 2022ರಲ್ಲಿ ರಾಷ್ಟ್ರೀಯ ಏಕತಾ ದಿನ, 2024ರಲ್ಲಿ ಪ್ರಜಾಪಾಲನಾ ದಿನ, ಅಲ್ಲೇ ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಹೈದರಾಬಾದ್ ವಿಮೋಚನಾ ದಿನ. ನಮ್ಮಲ್ಲಿ ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ ಇದ್ದದ್ದು 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ. ಹಿರಿಯರಿಗೆ ಇದ್ಯಾವುದೂ ಅಲ್ಲ. ಅವರಿಗೆ ಅದು ‘ಪೊಲೀಸ್ ಆಕ್ಷನ್’. ‘ಪೊಲೀಸ್ ಆಕ್ಷನ್ ಆದಾಗ ನಾ ಇಷ್ಟುದ್ದ ಇದ್ದೆ’ ಎಂದು ಕೈ ಎತ್ತಿ ತೋರಿಸಿ ವಯಸ್ಸು ಹೇಳಿದವರನ್ನು ಇಲ್ಲಿ ಬೆಳೆದವರೆಲ್ಲ ಕಂಡಿದ್ದಾರೆ.

ಈ ಹೆಸರುಗಳಿಗೂ ಆ ಘಟನೆಗೂ ಇರುವ ಸಂಬಂಧವನ್ನು ಜೈನ ತಾರ್ಕಿಕರು ‘ನಯ’ ಎನ್ನುತ್ತಾರೆ. ವಸ್ತುವಿಗೆ ಧರ್ಮಗಳು ಅನಂತ; ಅವುಗಳಲ್ಲಿ ಒಂದನ್ನು ಹಿಡಿದು ಆಡುವ ಮಾತು ನಯ. ನಯಗಳು ಏಳು ಎನ್ನುತ್ತದೆ ತತ್ತ್ವಾರ್ಥಸೂತ್ರ. ಏಳೂ ಇಲ್ಲಿ ಬೇಡ, ಎರಡು ಸಾಕು. ಆ ಸೂತ್ರಕ್ಕೆ ಪೂಜ್ಯಪಾದ ಬರೆದ ವ್ಯಾಖ್ಯಾನ ಸರ್ವಾರ್ಥಸಿದ್ಧಿಯಲ್ಲಿ ನೈಗಮ ನಯಕ್ಕೆ ಒಂದು ಉದಾಹರಣೆ ಬರುತ್ತದೆ, ನನಗೆ ಅಚ್ಚುಮೆಚ್ಚಿನದು. ಒಬ್ಬ ಕೊಡಲಿ ಹಿಡಿದು ಕಾಡಿಗೆ ಹೊರಟಿದ್ದಾನೆ. ‘ಎಲ್ಲಿಗೆ?’ ಎಂದರೆ ‘ಪ್ರಸ್ಥ ತರಲಿಕ್ಕೆ’ ಎನ್ನುತ್ತಾನೆ. ಪ್ರಸ್ಥ ಎಂದರೆ ಸೇರಿನ ಹಾಗೆ ಕಾಳು ಅಳೆಯುವ ಮರದ ಮಾನ. ಕಾಡಿನಲ್ಲಿ ಪ್ರಸ್ಥ ಬೆಳೆಯುವುದಿಲ್ಲ. ಇನ್ನೂ ಮರ ಕಡಿಯಬೇಕು, ಒಣಗಿಸಬೇಕು, ಕೊರೆಯಬೇಕು. ಆದರೂ ಅವನು ಸುಳ್ಳು ಹೇಳಿಲ್ಲ. ಮಾಡುತ್ತಿರುವ ಕೆಲಸಕ್ಕೆ ಅದರ ಕೊನೆಯ ಹೆಸರನ್ನು ಇಟ್ಟಿದ್ದಾನೆ.

‘ವಿಮೋಚನೆ’ ಇಂಥ ಹೆಸರು. 1947ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ತ್ರಿವರ್ಣ ಧ್ವಜ ಎತ್ತಿ ಜೈಲಿಗೆ ಹೋದ ಸ್ವಾಮಿ ರಮಾನಂದ ತೀರ್ಥರಿಗೆ, ನಿಜಾಮನ ಪರ ಆಯುಧ ಹಿಡಿದ ರಜಾಕಾರರ ಹಾವಳಿಗೆ ಹೆದರಿ ಊರು ಬಿಟ್ಟು ಶಿಬಿರಗಳಲ್ಲಿ ಕೂತವರಿಗೆ ಆ ಸಂಜೆ ಕೈಗೆ ಬಂದದ್ದು ಇನ್ನೂ ಮರ, ಆದರೆ ಅವರು ಹೊರಟದ್ದು ಪ್ರಸ್ಥಕ್ಕೆ. ಋಜುಸೂತ್ರ ನಯ ಇದರ ಎದುರು ದಿಕ್ಕಿನದು, ಈ ಕ್ಷಣದಲ್ಲಿ ಇರುವುದಷ್ಟನ್ನೇ ಹೇಳುತ್ತದೆ. ಆ ಲೆಕ್ಕದಲ್ಲಿ 17ರಂದು ಆದದ್ದು ಕದನ ನಿಲುಗಡೆಯ ಘೋಷಣೆ ಮಾತ್ರ. ಭಾರತದ ಸಂವಿಧಾನವನ್ನು ನಿಜಾಮ ಒಪ್ಪಿ ಫರ್ಮಾನು ಹೊರಡಿಸಿದ್ದು 1949ರ ನವೆಂಬರಿನಲ್ಲಿ. 1950ರ ಜನವರಿ 26ಕ್ಕೆ ಅವನು ರಾಜಪ್ರಮುಖನಾದ, 1956ರವರೆಗೆ ಹಾಗೇ ಇದ್ದ. ‘ಯಾರಿಂದ ಯಾರ ವಿಮೋಚನೆ?’ ಎಂದು ಕೇಳುವ ಕಮ್ಯುನಿಸ್ಟರಿಗೂ ಇಲ್ಲಿ ಹಿಡಿಯಲು ನೆಲ ಇದೆ. ಬಂದ ಸೇನೆ ತೆಲಂಗಾಣದ ರೈತ ದಳಗಳ ಮೇಲೆ ತಿರುಗಿತು, ಆ ಹೋರಾಟ 1951ರವರೆಗೂ ನಿಲ್ಲಲಿಲ್ಲ.

ಇಷ್ಟಕ್ಕೇ ನಿಂತರೆ ನಾವು ಮತ್ತೆ ‘ಎಲ್ಲರೂ ಸರಿ’ಗೆ ಬಂದು ಬೀಳುತ್ತೇವೆ. ಅನೇಕಾಂತದ ಕಠಿಣ ಭಾಗ ಇದರ ಮುಂದೆ ಇದೆ, ವೇದಿಕೆಯ ಮೇಲೆ ಅದನ್ನು ಯಾರೂ ಎತ್ತುವುದಿಲ್ಲ. ನಯಗಳೆಲ್ಲ ತಮ್ಮ ತಮ್ಮ ಎಲ್ಲೆಯಲ್ಲಿ ನಿಜ, ಇನ್ನೊಂದನ್ನು ಅಲ್ಲಗಳೆಯಲು ಹೊರಟಾಗ ಸುಳ್ಳು ಎಂದ ಜೈನ ತಾರ್ಕಿಕ ಸಿದ್ಧಸೇನ. ಹನ್ನೆರಡನೆಯ ಶತಮಾನದ ಹೇಮಚಂದ್ರ ಇದನ್ನು ಮೂರು ಮೆಟ್ಟಿಲು ಮಾಡಿದ: ‘ಇದ್ದೇ ಇದೆ, ಬೇರೇನಿಲ್ಲ’ ಎಂಬುದು ದುರ್ನಯ, ‘ಇದೆ’ ಎಂಬುದು ನಯ, ‘ಈ ದೃಷ್ಟಿಯಿಂದ ಇದೆ’ ಎಂಬುದು ಪ್ರಮಾಣ. ‘1948ರ ಸೆಪ್ಟೆಂಬರಿನಲ್ಲಿ ಆದದ್ದು ವಿಮೋಚನೆ’ ಎನ್ನುವುದು ನಯ. ‘ವಿಮೋಚನೆಯೇ, ಬೇರೆ ಏನೂ ಅಲ್ಲ’ ಎಂದ ಕೂಡಲೇ ದುರ್ನಯ, ಏಕೆಂದರೆ ಆ ‘ಬೇರೆ’ಯಲ್ಲಿ ಹೆಣಗಳಿವೆ. ನೆಹರೂ ಕಳಿಸಿದ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ತಂಡ ಅದೇ ವರ್ಷದ ಕೊನೆಗೆ ಹಳ್ಳಿ ಹಳ್ಳಿ ಸುತ್ತಿ ವರದಿ ಕೊಟ್ಟಿತು. ಕಾರ್ಯಾಚರಣೆಯ ಹೊತ್ತಿನಲ್ಲೂ ಆಮೇಲೂ ಸತ್ತವರು 27,000ದಿಂದ 40,000 ಎಂಬುದು ಅದರ ಅಂದಾಜು, ಬಹುಪಾಲು ಮುಸ್ಲಿಮರು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಗುಲ್ಬರ್ಗಾ, ನಾಂದೇಡ್ ಜೊತೆ ನಮ್ಮ ಬೀದರವೂ ಇತ್ತು. ವರದಿ ದಶಕಗಳ ಕಾಲ ಕಡತದಲ್ಲೇ ಕೂತಿತ್ತು.

ಅತ್ತ ಕಡೆಯ ದುರ್ನಯಕ್ಕೂ ರಿಯಾಯಿತಿ ಇಲ್ಲ. ‘ಪತನವೇ, ಸೊಗಸಾದ ಒಂದು ಸಂಸ್ಕೃತಿ ಹಾಳಾದದ್ದೇ’ ಎಂದು ಉರ್ದುವಿನಲ್ಲಿ ನಿಟ್ಟುಸಿರು ಬಿಡುವಾಗ 1948ರ ಮೇ ತಿಂಗಳಲ್ಲಿ ರಜಾಕಾರರು ಗೋರ್ಟಾಕ್ಕೆ ನುಗ್ಗಿ ಮಾಡಿದ ಕಗ್ಗೊಲೆ ಲೆಕ್ಕದಿಂದ ಬಿದ್ದುಹೋಗುತ್ತದೆ. ಇನ್ನು ‘ಗೋರ್ಟಾದಲ್ಲಿ ಏನೂ ಆಗಲಿಲ್ಲ’, ‘ಸೆಪ್ಟೆಂಬರ್ ಆದಮೇಲೆ ಯಾರೂ ಸಾಯಲಿಲ್ಲ’ ಎನ್ನುವವರು ಇದ್ದಾರಲ್ಲ, ಅವರದು ದುರ್ನಯವೂ ಅಲ್ಲ, ಬರೀ ಸುಳ್ಳು. ವಸ್ತುವಿನಲ್ಲಿ ಇರುವ ಧರ್ಮವನ್ನು ಹಿಡಿದರೆ ಮಾತ್ರ ಅದು ದೃಷ್ಟಿ. ‘ಅದು ಅವರ ದೃಷ್ಟಿಕೋನ’ ಎಂದು ಅನೇಕಾಂತದ ಹೆಸರಿನಲ್ಲಿ ಸುಳ್ಳಿಗೆ ಕುರ್ಚಿ ಹಾಕಿ ಕೂರಿಸುವುದನ್ನು ಯಾವ ಜೈನ ಆಚಾರ್ಯನೂ ಒಪ್ಪುತ್ತಿರಲಿಲ್ಲ.

ಅನೇಕಾಂತವೆಂದರೆ ‘ಎಲ್ಲರೂ ಸರಿ’ ಎಂಬ ಗೊಂದಲಕ್ಕೆ ಶಂಕರಾಚಾರ್ಯರ ಪಾಲೂ ಸ್ವಲ್ಪ ಇದೆ ಎಂದರೆ ಕೆಲವರು ಸಿಟ್ಟಾಗಬಹುದು. ಬ್ರಹ್ಮಸೂತ್ರ ಭಾಷ್ಯದ ಎರಡನೇ ಅಧ್ಯಾಯದಲ್ಲಿ ಅವರು ‘ಈ ದೃಷ್ಟಿಯಿಂದ’ ಎಂದು ಸೇರಿಸಿ ಹೇಳುವ ಜೈನರ ಸ್ಯಾದ್ವಾದವನ್ನು ಹುಚ್ಚರ ಮಾತು ಎಂದು ತಳ್ಳಿಹಾಕುತ್ತಾರೆ: ಒಂದೇ ವಸ್ತುವಿನಲ್ಲಿ ಶೀತ ಉಷ್ಣಗಳ ಹಾಗೆ ವಿರುದ್ಧ ಧರ್ಮಗಳು ಒಟ್ಟಿಗೆ ಇರಲಾರವು; ಎಲ್ಲವೂ ಅನಿಶ್ಚಿತವಾದರೆ ಆ ಬೋಧೆಯೂ ಅನಿಶ್ಚಿತ. ಜೈನರು ಅನಿಶ್ಚಿತ ಎಂದು ಎಲ್ಲಿ ಹೇಳಿದರು? ದ್ರವ್ಯ, ಕ್ಷೇತ್ರ, ಕಾಲ, ಭಾವ ಈ ನಾಲ್ಕನ್ನೂ ಗೊತ್ತುಮಾಡಿ ಮಾತಾಡು ಎಂಬುದು ಅವರ ಕಟ್ಟಳೆ. ಮೇ ತಿಂಗಳಲ್ಲಿ ಗೋರ್ಟಾದ ಒಬ್ಬ ಹೆಂಗಸಿಗೆ ಸೇನೆ ಬರಲಿ ಎಂಬ ಹಂಬಲ, ಸೆಪ್ಟೆಂಬರಿನ ಕೊನೆಗೆ ಬೀದರಿನ ಇನ್ನೊಬ್ಬ ಹೆಂಗಸಿಗೆ ಸೇನೆ ಬಂದಮೇಲಿನ ಭಯ. ಕ್ಷೇತ್ರ ಬೇರೆ, ಕಾಲ ಬೇರೆ, ಭಾವ ಬೇರೆ. ಇಲ್ಲಿ ವಿರೋಧವೂ ಇಲ್ಲ, ಅನಿಶ್ಚಯವೂ ಇಲ್ಲ, ಎರಡೂ ನೂರಕ್ಕೆ ನೂರು ನಿಶ್ಚಿತ. ವ್ಯಾವಹಾರಿಕ, ಪಾರಮಾರ್ಥಿಕ ಎಂದು ಸತ್ಯಕ್ಕೆ ತಾವೇ ಎರಡು ಹಂತ ಕಟ್ಟಿಕೊಂಡವರು ಇಷ್ಟನ್ನು ಕಾಣಲಿಲ್ಲ ಎಂದು ನಂಬುವುದು ಕಷ್ಟ. ಎದುರಾಳಿಯನ್ನು ಬೇಗ ಮುಗಿಸುವ ಆತುರ ಇತ್ತೇನೋ.

2019ರ ‘ಉತ್ಸವ’ದ ಹೆಸರಿನ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ‘ವಿಮೋಚನೆ’ಯಲ್ಲಿ ಜಗಳವಾದರೂ ಇತ್ತು, ಯಾರಿಂದ, ಯಾರಿಗೆ, ಎಷ್ಟಕ್ಕೆ ಎಂದು ಕೇಳಬಹುದಿತ್ತು. ಉತ್ಸವ ಯಾವ ಧರ್ಮವನ್ನೂ ಹಿಡಿಯುವುದಿಲ್ಲ, ಆದ್ದರಿಂದ ಯಾರಿಗೂ ನೋವಿಲ್ಲ, ಯಾರಿಗೂ ನೆನಪಿಲ್ಲ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿಯ ಅನುದಾನ, ರಸ್ತೆ, ಖಾಲಿ ಹುದ್ದೆಗಳ ಲೆಕ್ಕ ಓದಿ ಮುಗಿಸಲು ಅನುಕೂಲ. ಹೆಸರು ಯಾವುದಾದರೂ ಇರಲಿ, ಹೇಮಚಂದ್ರನ ಮೂರನೇ ಮೆಟ್ಟಿಲಿನ ಭಾಷಣವೊಂದನ್ನು ಬರೆಯಲು ಬರುತ್ತದೆ: ಮೇ ತಿಂಗಳಲ್ಲಿ ಗೋರ್ಟಾದಲ್ಲಿ ಇಂಥವರು ಸತ್ತರು, ಸೆಪ್ಟೆಂಬರ್ 17ರಂದು ನಿಜಾಮ ಸೋತ, ಶಿಬಿರದವರು ಮನೆಗೆ ಬಂದರು, ಅದಾದ ವಾರಗಳಲ್ಲಿ ಇದೇ ಜಿಲ್ಲೆಯಲ್ಲಿ ಇಂಥವರು ಸತ್ತರು. ನಾಲ್ಕು ವಾಕ್ಯ. ಉಸ್ತುವಾರಿ ಸಚಿವರ ಭಾಷಣ ಹೆಚ್ಚೆಂದರೆ ಎರಡು ನಿಮಿಷ ಉದ್ದವಾದೀತು.