ನೀರು ಕಂಡ ಎಡೆ, ನೀರು ಹೊಕ್ಕ ಎಡೆ

ಜೀವಾದಿ ಏಳು ತತ್ತ್ವಗಳಲ್ಲಿ ಮೂರನೆಯದಾದ ಆಸ್ರವವನ್ನು ತಿಳಿಯಹೇಳುವಾಗ ಪ್ರವಚನಕಾರರು ಸಾಮಾನ್ಯವಾಗಿ ತೂತುಬಿದ್ದ ದೋಣಿಯ ದೃಷ್ಟಾಂತವನ್ನು ಕೊಡುತ್ತಾರೆ. ತೂತಿನಿಂದ ನೀರು ಒಳಬರುವುದು ಆಸ್ರವ. ಬಂದ ನೀರು ತಳದಲ್ಲಿ ನಿಲ್ಲುವುದು ಬಂಧ. ತೂತನ್ನು ಮುಚ್ಚುವುದು ಸಂವರ. ನಿಂತ ನೀರನ್ನು ಮೊಗೆದು ಚೆಲ್ಲುವುದು ನಿರ್ಜರೆ. ಮಕ್ಕಳಿಗೂ ತಿಳಿಯುವಂಥ ದೃಷ್ಟಾಂತವಿದು. ಆದರೆ ಇದರಲ್ಲಿ ಒಂದು ಸೌಲಭ್ಯ ಅಡಗಿದೆ. ದೋಣಿಯಲ್ಲಿ ನೀರು ಎಲ್ಲಿ ಚಿಮ್ಮುತ್ತದೆಯೋ ತೂತೂ ಬಹುಮಟ್ಟಿಗೆ ಅಲ್ಲಿಯೇ ಇರುತ್ತದೆ; ಕಣ್ಣಿಗೆ ಕಂಡಲ್ಲಿ ಕೈಯಿಟ್ಟರೆ ಸಾಕು. ಮನುಷ್ಯರ ನಡುವೆ ಹುಟ್ಟುವ ದೋಷಗಳು ಅಷ್ಟು ಸರಳವಾಗಿ ತಮ್ಮ ದ್ವಾರವನ್ನು ತೋರಿಸಿಕೊಡುವುದಿಲ್ಲ. ಅವಕ್ಕೆ ಹತ್ತಿರದ ದೃಷ್ಟಾಂತ ಬೇಕಾದರೆ ಮಳೆಗಾಲದಲ್ಲಿ ಸೋರುವ ಒಂದು ಪಿಕಪ್ ವಾಹನವನ್ನು ನೋಡಬೇಕು.

ದಕ್ಷಿಣ ಕನ್ನಡದ ಒಂದು ಬಸದಿಯ ಟ್ರಸ್ಟಿನಲ್ಲಿ ಅಂಥದೊಂದು ವಾಹನವಿತ್ತು. ಅನ್ನದಾನದ ಅಕ್ಕಿ, ತೆಂಗಿನಕಾಯಿ, ಉತ್ಸವದ ಪಾತ್ರೆಪಗಡಿಗಳನ್ನು ಸಾಗಿಸುವುದಕ್ಕೆಂದು ಕೊಂಡದ್ದು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆ ಅದು. ಆಷಾಢದ ಒಂದು ಬೆಳಿಗ್ಗೆ ನೋಡುವಾಗ ಚಾಲಕನ ಕಾಲಬುಡದಲ್ಲಿ ನೀರು ನಿಂತಿತ್ತು; ಅವನ ಆಸನದ ಹಿಂದೆ ಇರಿಸಿದ್ದ ಲೆಕ್ಕದ ಪುಸ್ತಕಗಳೂ ರಶೀದಿ ಪುಸ್ತಕಗಳೂ ತೊಯ್ದು ಒಂದಕ್ಕೊಂದು ಅಂಟಿಕೊಂಡಿದ್ದವು. ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಗರಿಗಳನ್ನು ಮೂಡುಬಿದಿರೆಯ ಹಿರಿಯರು ಇದೇ ತುಳುನಾಡಿನ ತೇವದಿಂದ ಶತಮಾನಗಳ ಕಾಲ ಕಾಪಾಡಿದರು. ಇಲ್ಲಿ ಒಂದು ವರ್ಷದ ಲೆಕ್ಕವನ್ನು ಒಂದು ರಾತ್ರಿ ಕಾಪಾಡಲಾಗಲಿಲ್ಲವಲ್ಲ ಎಂದು ಮೊಕ್ತೇಸರರಿಗೆ ಬಹಳ ವ್ಯಥೆಯಾಯಿತು. ವ್ಯಥೆಯು ಕೋಪವಾಗುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ನೀರು ನಿಂತದ್ದು ಚಾಲಕನ ಬದಿಯಲ್ಲಿ. ಆ ಬದಿಯ ಗಾಜನ್ನು ಏರಿಸಿ ಇಳಿಸುವವನು ಚಾಲಕ. ಆದ್ದರಿಂದ ತಪ್ಪು ಅವನದು. "ಗಾಜು ಏರಿಸಿಯೇ ಇತ್ತು ಧನಿಗಳೇ" ಎಂದು ಅವನು ಒಮ್ಮೆ ಹೇಳಿ ಸುಮ್ಮನಾದನು. ಟ್ರಸ್ಟಿನ ಸಭೆಯಲ್ಲಿ ವಿಷಯ ಬಂದು, ಅವನ ಅಜಾಗರೂಕತೆಯೆಂದು ನಡಾವಳಿ ಪುಸ್ತಕದಲ್ಲಿ ದಾಖಲಾಗಿ, ಮೂರು ತಿಂಗಳ ಸಂಬಳದಿಂದ ತಲಾ 600 ರೂಪಾಯಿಯಂತೆ 1,800 ರೂಪಾಯಿಗಳನ್ನು ಮುರಿದುಕೊಳ್ಳುವುದೆಂದು ನಿಶ್ಚಯವಾಯಿತು.

ಅಂದಿನಿಂದ ಚಾಲಕನು ಸಂಜೆಯಾದೊಡನೆ ವಾಹನಕ್ಕೆ ಟಾರ್ಪಾಲು ಹೊದಿಸತೊಡಗಿದನು. ನೀರು ಬರುವುದು ನಿಂತಿತು. ಇದನ್ನು ಕಂಡವರು, "ಈಗ ಜಾಗ್ರತೆ ಬಂದಿದೆ, ಹಾಗಾದರೆ ಮೊದಲು ಇರಲಿಲ್ಲ" ಎಂದರು. ಈ ತರ್ಕದ ದೋಷವನ್ನು ಗಮನಿಸಬೇಕು. ಟಾರ್ಪಾಲು ಗಾಜನ್ನು ಮಾತ್ರ ಮುಚ್ಚುವುದಿಲ್ಲ, ಮಾಡು, ಬಾಗಿಲು, ಸಂದುಗಳು ಎಲ್ಲವನ್ನೂ ಮುಚ್ಚುತ್ತದೆ. ಎಲ್ಲ ಕಾರಣಗಳನ್ನೂ ಒಟ್ಟಿಗೆ ತಡೆದಾಗ ಯಾವ ಕಾರಣವೂ ಸಿದ್ಧವಾಗುವುದಿಲ್ಲ.

ನಾಟಿಯ ಕೆಲಸಕ್ಕೆಂದು ಚಾಲಕನು ನಾಲ್ಕು ದಿನ ಊರಿಗೆ ಹೋದನು. ಕೀಲಿಕೈ ಮೊಕ್ತೇಸರರ ಬಳಿ ಉಳಿಯಿತು. ಗಾಜುಗಳನ್ನು ಸ್ವತಃ ಅವರೇ ಏರಿಸಿ, ಬಾಗಿಲುಗಳನ್ನು ಸ್ವತಃ ಅವರೇ ಹಾಕಿ ಮಲಗಿದರು, ಟಾರ್ಪಾಲಿನ ನೆನಪಾಗಲಿಲ್ಲ. ಮರುದಿನ ಚಾಲಕನ ಕಾಲಬುಡದಲ್ಲಿ ಮತ್ತೆ ನೀರು ನಿಂತಿತ್ತು.

ಪೇಟೆಯಿಂದ ಗ್ಯಾರೇಜಿನ ಹಿರಿಯ ಮೇಸ್ತ್ರಿಯನ್ನು ಕರೆಸಲಾಯಿತು. ನೀರು ಇಳಿದು ಬರುವ ಎಡೆಗೆ ಒಳಗಿನಿಂದ ಸಿಲಿಕಾನ್ ಹಚ್ಚಿಬಿಟ್ಟರೆ ಆಯಿತಲ್ಲವೇ ಎಂದು ಒಬ್ಬ ಟ್ರಸ್ಟಿಗಳು ಸೂಚಿಸಿದರು. ಮೇಸ್ತ್ರಿಯು ಒಪ್ಪಲಿಲ್ಲ. ಒಳಗಿನಿಂದ ಅಂಟು ಹಚ್ಚಿದರೆ ನೀರು ಕಾಣಿಸುವುದು ನಿಲ್ಲುತ್ತದೆ, ಬರುವುದು ನಿಲ್ಲುವುದಿಲ್ಲ. ಹೊರದಾರಿ ಕಾಣದೆ ಅದು ತಗಡಿನ ಮಡಿಕೆಯೊಳಗೇ ನಿಂತು ತುಕ್ಕು ಹಿಡಿಸುತ್ತದೆ, ಎರಡು ಮಳೆಗಾಲ ಕಳೆದ ಮೇಲೆ ಕಂಬವೇ ಟೊಳ್ಳಾಗುತ್ತದೆ ಎಂಬುದು ಅವನ ವಾದ. ದೋಷವನ್ನು ನಿವಾರಿಸುವುದಕ್ಕೂ ಅದು ಕಾಣದಂತೆ ಮಾಡುವುದಕ್ಕೂ ಇರುವ ಅಂತರವನ್ನು ಯಾವ ಶಾಸ್ತ್ರವನ್ನೂ ಓದದ ಆ ಮೇಸ್ತ್ರಿ ಇಷ್ಟು ಸ್ಪಷ್ಟವಾಗಿ ಬಲ್ಲವನಾಗಿದ್ದನು.

ಅವನ ಶೋಧನೆಯ ಕ್ರಮವು ವಿವರಕ್ಕೆ ಯೋಗ್ಯವಾದುದು. ವಾಹನವನ್ನು ನಿಂತ ಜಾಗದಿಂದ ಕದಲಿಸಬಾರದೆಂದನು. ಅಂಗಳದ ಇಳಿಜಾರು ಬದಲಾದರೆ ನೀರಿನ ದಾರಿಯೂ ಬದಲಾಗುತ್ತದೆ. ಮ್ಯಾಟನ್ನೂ ಅದರ ಅಡಿಯ ದಪ್ಪ ಹಾಸನ್ನೂ ತೆಗೆಸಿ ಒಳಭಾಗವನ್ನು ಒರೆಸಿ ಒಣಗಿಸಿದನು. ಸಂದುಗಳ ಉದ್ದಕ್ಕೂ ಪೌಡರು ಉದುರಿಸಿದನು. ಹನಿಯೊಂದು ಹರಿದರೂ ಅದರ ಮೇಲೆ ಗೆರೆ ಮೂಡುತ್ತದೆ. ಬಳಿಕ ಒಬ್ಬ ಹುಡುಗನನ್ನು ಟಾರ್ಚು ಕೊಟ್ಟು ಒಳಗೆ ಕುಳ್ಳಿರಿಸಿ, ತಾನು ಹೊರಗಿನಿಂದ ಗಿಂಡಿಯ ಸಣ್ಣ ಧಾರೆಯಲ್ಲಿ ನೀರು ಹೊಯ್ಯತೊಡಗಿದನು. ಪೈಪಿನ ರಭಸದ ನೀರು ಮಳೆ ಹೋಗದ ಕಡೆಗೂ ನುಗ್ಗಿ ಸುಳ್ಳು ಸಾಕ್ಷಿ ಹೇಳುತ್ತದಂತೆ. (ಅಪ್ಕಾಯಿಕ ಜೀವಗಳನ್ನು ನೆನೆದು ನೀರನ್ನು ಮಿತವಾಗಿ ಬಳಸುವ ಶ್ರಾವಕರಿಗೆ ಗಿಂಡಿಯ ಧಾರೆಯೇ ಒಪ್ಪುವಂಥದು.) ಎಲ್ಲಕ್ಕಿಂತ ಮುಖ್ಯವಾಗಿ, ಅವನು ಕೆಳಗಿನಿಂದ ಮೇಲಕ್ಕೆ ಹೋದನು. ಮೊದಲೇ ಮಾಡಿನ ಮೇಲೆ ಹೊಯ್ದರೆ ಇಳಿಯುವ ನೀರು ಎಲ್ಲವನ್ನೂ ತೋಯಿಸುತ್ತದೆ, ಯಾವುದು ಎಲ್ಲಿಂದ ಹೊಕ್ಕಿತೆಂದು ಹೇಳಲಾಗುವುದಿಲ್ಲ. ಒಂದೊಂದು ಎಡೆಗೂ ಹತ್ತು ನಿಮಿಷ. ನಿರಪರಾಧಿಯೆಂದು ತೀರ್ಮಾನವಾದ ಮೇಲೆಯೇ ಮುಂದಿನದು.

ಬಾಗಿಲಿನ ತಳದಲ್ಲಿ ನೀರು ಹೊರಹೋಗಲು ಇರುವ ಸಣ್ಣ ರಂಧ್ರಗಳು ಕೆಸರಿನಿಂದ ಕಟ್ಟಿಕೊಂಡಿದ್ದವು, ಬಿಡಿಸಿದನು. ಬಾಗಿಲಿನ ರಬ್ಬರಿಗೆ ಕಾಗದದ ಪಟ್ಟಿಯೊಂದನ್ನು ಸಿಕ್ಕಿಸಿ ಬಾಗಿಲು ಹಾಕಿ ಎಳೆದು ನೋಡಿದನು. ಪಟ್ಟಿ ಬಿಗಿಯಾಗಿಯೇ ಇತ್ತು. ವೈಪರಿನ ಬುಡದ ಜಾಲರಿಯಲ್ಲಿ ಕೊಳೆತ ಮಾವಿನೆಲೆಗಳು, ತೆಗೆದನು. ತಂತಿಗಳು ಒಳಹೋಗುವ ರಬ್ಬರ್ ಬಿರಡೆ, ಎದುರು ಗಾಜಿನ ಬೀಡಿಂಗು ಎಲ್ಲವನ್ನೂ ಪರೀಕ್ಷಿಸಿದನು. ಪೌಡರಿನ ಮೇಲೆ ಗೆರೆ ಮೂಡಲಿಲ್ಲ. ಕೊನೆಗೆ ಮಾಡಿನ ಮುಂಭಾಗದ ಎಡ ಮೂಲೆಗೆ ಧಾರೆ ಬಿದ್ದು ಐದಾರು ನಿಮಿಷ ಕಳೆದಾಗ ಒಳಗಿನ ಹುಡುಗನು ಕೂಗಿದನು: ಬಲಬದಿಯ ಕಂಬದ ಬುಡದಿಂದ ನೀರು ಇಳಿಯುತ್ತಿದೆ!

ನೀರು ಹೊಯ್ದದ್ದು ಎಡಗಡೆ, ಕಂಡದ್ದು ಬಲಗಡೆ. ಎದುರು ಗಾಜಿನ ಮೇಲಿರುವ ಅಡ್ಡಪಟ್ಟಿಯೂ ಇಕ್ಕೆಲದ ಕಂಬಗಳೂ ಒಳಗೆ ಪೊಳ್ಳು. ಎಡ ಮೂಲೆಯಲ್ಲಿ ಹೊಕ್ಕ ನೀರು ಅಂಗಳದ ಇಳಿಜಾರಿಗೆ ಅನುಗುಣವಾಗಿ ಅಡ್ಡಪಟ್ಟಿಯೊಳಗೆ ಬಲಕ್ಕೆ ಹರಿದು, ಕಂಬದೊಳಗೆ ಇಳಿದು, ಚಾಲಕನ ಕಾಲಬುಡಕ್ಕೆ ಬರುತ್ತಿತ್ತು. ಅಲ್ಲಿಂದ ಅಡಿಹಾಸು ಅದನ್ನು ಬತ್ತಿಯಂತೆ ಹೀರಿ ಹಿಂದಿನ ಪುಸ್ತಕಗಳವರೆಗೆ ಒಯ್ಯುತ್ತಿತ್ತು. ಎಡ ಮೂಲೆಯಲ್ಲಿ ಇದ್ದುದಾದರೂ ಏನು? ಎರಡು ಸ್ಕ್ರೂಗಳ ತೂತು. ಹಿಂದಿನ ವರ್ಷದ ರಥೋತ್ಸವಕ್ಕೆ ಟ್ರಸ್ಟಿನ ಹೆಸರೂ ಮೊಕ್ತೇಸರರ ಹೆಸರೂ ಇರುವ ಬೋರ್ಡನ್ನು ಮಾಡಿನ ಮೇಲೆ ನಿಲ್ಲಿಸಲು ತಗಡನ್ನು ಕೊರೆಯಲಾಗಿತ್ತು. ಬೋರ್ಡಿನ ಬಲ ಕಾಲಿಗೆ ರಬ್ಬರಿನ ಬಿಲ್ಲೆ ಹಾಕಿದ್ದರು, ಎಡ ಕಾಲಿಗೆ ಮರೆತಿದ್ದರು. ಅದರ ನೇರ ಕೆಳಗೆ ಇರುವುದು ಮೊಕ್ತೇಸರರು ದಿನವೂ ಕೂರುವ ಆಸನ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಪರನಿಂದೆಯನ್ನೂ ಆತ್ಮಪ್ರಶಂಸೆಯನ್ನೂ ಒಂದೇ ಸೂತ್ರದಲ್ಲಿ ನೀಚಗೋತ್ರದ ಆಸ್ರವಕ್ಕೆ ಕಾರಣವೆಂದು ಹೇಳಿದ್ದಾರೆ. ಇವೆರಡನ್ನೂ ಒಟ್ಟಿಗೆ ಏಕೆ ಇಟ್ಟರೆಂಬುದು ಓದುವಾಗ ಥಟ್ಟನೆ ಹೊಳೆಯದು. ತನ್ನ ಹೆಸರನ್ನು ಎತ್ತರದಲ್ಲಿ ನಿಲ್ಲಿಸುವ ಆಸೆ ಒಂದು ಬದಿಯಲ್ಲಿ ತೂತು ಕೊರೆಯುತ್ತದೆ. ಅದರ ಫಲವು ಇನ್ನೊಂದು ಬದಿಯಲ್ಲಿ, ಇನ್ನೊಬ್ಬರ ಕಾಲಬುಡದಲ್ಲಿ ಕಾಣಿಸಿಕೊಂಡು, ಅವರನ್ನು ನಿಂದಿಸಲು ಆಧಾರವಾಗುತ್ತದೆ. ಅದೇ ಅಧ್ಯಾಯವು ಭಾವದ ತೀವ್ರತೆ, ಮಂದತೆ, ತಿಳಿದು ಮಾಡಿದುದು, ತಿಳಿಯದೆ ಮಾಡಿದುದು ಎಂಬ ಭೇದಗಳಿಂದ ಆಸ್ರವದಲ್ಲಿ ಹೆಚ್ಚುಕಡಿಮೆಯಾಗುತ್ತದೆಂದೂ ಹೇಳುತ್ತದೆ. ಬಿಲ್ಲೆ ಮರೆತದ್ದು ತಿಳಿಯದೆ ಆದ ದೋಷ, ಸಣ್ಣದು. ಆದರೆ ಶೋಧಿಸದೆ ಒಬ್ಬನನ್ನು ಅಪರಾಧಿಯೆಂದು ಬರೆದಿಟ್ಟದ್ದನ್ನು ತಿಳಿಯದೆ ಮಾಡಿದ್ದೆಂದು ಹೇಳಿಕೊಳ್ಳುವುದು ಕಷ್ಟ. ಆಗ ಗೊತ್ತಿದ್ದುದು ನೀರು ಕಂಡ ಎಡೆ ಮಾತ್ರ ಎಂಬುದು ಎಲ್ಲರಿಗೂ ಗೊತ್ತಿತ್ತು.

ತೂತು ಮುಚ್ಚುವುದು ಅರ್ಧ ದಿನದ ಕೆಲಸವಾಯಿತು. ಅಡಿಹಾಸು ಒಣಗುವುದಕ್ಕೆ ಎರಡು ವಾರ ಹಿಡಿಯಿತು. ಬೂಷ್ಟು ಹಿಡಿದಿದ್ದ ಒಂದು ಭಾಗವನ್ನು ಕತ್ತರಿಸಿ ತೆಗೆಯಬೇಕಾಯಿತು. ಸಂವರವಾದ ಮಾತ್ರಕ್ಕೆ ನಿರ್ಜರೆಯಾಗುವುದಿಲ್ಲ.

ಚಾಲಕನ ವಿಷಯದಲ್ಲಿ ಏನು ಮಾಡಬೇಕೆಂಬ ಪ್ರಶ್ನೆ ಇದಕ್ಕಿಂತ ತೊಡಕಿನದಾಯಿತು. ಹಣವನ್ನು ಮುಂದಿನ ಸಂಬಳದೊಡನೆ ಸೇರಿಸಿ ಕೊಟ್ಟರಾಯಿತು, ಟ್ರಸ್ಟಿನ ಗೌರವ ಉಳಿಯುತ್ತದೆ ಎಂದು ಕೆಲವರು. ಹೇಗೂ ದಶಲಕ್ಷಣ ಪರ್ವ ಬರುತ್ತಿದೆ, ಕ್ಷಮಾವಾಣಿಯ ದಿನ ಎಲ್ಲರೊಡನೆ ಅವನಲ್ಲಿಯೂ ಕ್ಷಮೆ ಕೇಳಿದರೆ ಸಾಕು ಎಂದು ಇನ್ನು ಕೆಲವರು. ಎರಡನೆಯ ಸಲಹೆ ಧರ್ಮಸಮ್ಮತವಾಗಿಯೇ ಕೇಳಿಸುತ್ತದೆ. ತಿಳಿದೋ ತಿಳಿಯದೆಯೋ ಆದ ಎಲ್ಲ ತಪ್ಪುಗಳನ್ನೂ ಮನ್ನಿಸಿ ಎಂಬ ಮಾತು ಉದಾರವಾದದ್ದು, ಸಂಶಯವಿಲ್ಲ. ಆದರೆ ಅದೂ ಒಂದು ಟಾರ್ಪಾಲು. ಎಲ್ಲವನ್ನೂ ಮುಚ್ಚುತ್ತದೆ, ಯಾವ ತೂತನ್ನೂ ತೋರಿಸುವುದಿಲ್ಲ.

ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಮೊದಲನೆಯದು ಆಲೋಚನೆ. ಇಂದಿನ ಕನ್ನಡದಲ್ಲಿ ಆ ಶಬ್ದಕ್ಕೆ ಬರಿಯ ಚಿಂತನೆಯೆಂಬ ಅರ್ಥ ಉಳಿದಿದೆ; ಶಾಸ್ತ್ರದಲ್ಲಿ ಅದು ತನ್ನ ದೋಷವನ್ನು ಮರೆಮಾಚದೆ ಗುರುವಿನ ಮುಂದೆ ನಿವೇದಿಸುವುದು. ಇದಕ್ಕೆ ತಗಲಬಹುದಾದ ಹತ್ತು ದೋಷಗಳನ್ನು ಪ್ರಾಚೀನ ಆಚಾರ್ಯರು ಎಣಿಸಿಟ್ಟಿದ್ದಾರೆ. ಇತರರು ಕಂಡ ತಪ್ಪನ್ನು ಮಾತ್ರ ಹೇಳಿಕೊಳ್ಳುವುದು 'ದೃಷ್ಟ'. ಗದ್ದಲದ ನಡುವೆ, ಸ್ಪಷ್ಟವಾಗಿ ಕೇಳಿಸದಂತೆ ಹೇಳಿಕೊಳ್ಳುವುದು 'ಶಬ್ದಾಕುಲಿತ'. ಇವು ಮುನಿಗಳಿಗಾಗಿ ಹೇಳಿದವಾದರೂ, ಕ್ಷಮಾವಾಣಿಯ ಜನಸಂದಣಿಯಲ್ಲಿ ಒಬ್ಬ ಚಾಲಕನಿಗೆ ಕೈಮುಗಿದು ಮುಂದೆ ಸಾಗುವ ಗೃಹಸ್ಥರು ಎರಡನೆಯದನ್ನು ಮನಸ್ಸಿಗೆ ತಂದುಕೊಳ್ಳಬಹುದು. ಆರೋಪವು ಹೊರಟದ್ದು ಸಭೆಯಿಂದ, ನಿಂತದ್ದು ನಡಾವಳಿಯ ಪುಟದಲ್ಲಿ. ಹಿಂತೆಗೆದುಕೊಳ್ಳುವ ಮಾತೂ ಆ ದಾರಿಯಲ್ಲೇ ಹೋಗಬೇಕಲ್ಲದೆ ಬೇರೆ ಬಾಗಿಲಿನಿಂದ ಅಲ್ಲ.

ಮುಂದಿನ ಸಭೆಗೆ ಮೊಕ್ತೇಸರರು ಚಾಲಕನನ್ನು ಕರೆಸಿ, ಎಲ್ಲರ ಎದುರಿಗೆ ಕುರ್ಚಿ ಹಾಕಿಸಿ ಕುಳ್ಳಿರಿಸಿದರು. ಬೋರ್ಡು, ಬಿಲ್ಲೆ, ತೂತು ಎಲ್ಲವನ್ನೂ ಕ್ರಮವಾಗಿ ಹೇಳಿ, ತಾವು ವಿಚಾರಿಸದೆ ತೀರ್ಪು ಕೊಟ್ಟದ್ದನ್ನು ಹೇಳಿ, 1,800 ರೂಪಾಯಿಗಳನ್ನು ಕೈಯಲ್ಲಿಟ್ಟರು. ಇನ್ನೇನಾದರೂ ಆಗಬೇಕೇ ಎಂದು ಕೇಳಿದಾಗ ಅವನು ಸ್ವಲ್ಪ ಹೊತ್ತು ತಲೆ ತಗ್ಗಿಸಿಕೊಂಡಿದ್ದು, "ಆ ದಿನ ಗಾಜು ಏರಿಸಿಯೇ ಇತ್ತು ಅಂತ ಬರೆದುಕೊಳ್ಳಿ ಧನಿಗಳೇ" ಎಂದನು. ಹಳೆಯ ದಾಖಲೆಯ ಕೆಳಗೆ, ಉಳಿದಿದ್ದ ಜಾಗದಲ್ಲಿ, ಆ ಮಾತನ್ನು ಹಾಗೆಯೇ ಬರೆದು ಎಲ್ಲರೂ ಸಹಿ ಮಾಡಿದರು. ಬೋರ್ಡು ಈಗ ಉಗ್ರಾಣದ ಗೋಡೆಗೆ ಒರಗಿಕೊಂಡಿದೆ. ಅದನ್ನು ಎಲ್ಲಿ ಹಾಕಬೇಕೆಂಬ ವಿಷಯ ಎರಡು ಸಭೆಗಳ ಮುಂದೆ ಬಂದು, ತೀರ್ಮಾನವಾಗದೆ ಮುಂದಕ್ಕೆ ಹೋಗಿದೆ.