ಸೇರು ಯಾರದು?

ನಮ್ಮ ಕಡೆಯ ಹಳ್ಳಿಗಳಲ್ಲಿ ಹಿಂದೆ ಸಾಹುಕಾರರ ಬಗ್ಗೆ ಒಂದು ಮಾತು ಇತ್ತು. ಅವರ ಮನೆಯಲ್ಲಿ ಕೊಡುವ ಸೇರು ಬೇರೆ, ತೆಗೆದುಕೊಳ್ಳುವ ಸೇರು ಬೇರೆ ಎಂದು. ಜೋಳ ಕಡ ಕೊಡುವಾಗ ಸಣ್ಣ ಸೇರಿನಿಂದ ಅಳೆದು ಕೊಟ್ಟು, ಸುಗ್ಗಿಯಲ್ಲಿ ವಾಪಸು ಪಡೆಯುವಾಗ ದೊಡ್ಡದನ್ನು ತರುತ್ತಿದ್ದರಂತೆ. ಇದು ಕಣ್ಣಿಗೆ ಕಾಣುವ ಮೋಸ, ಆದ್ದರಿಂದ ಬೈಯುವುದೂ ಸುಲಭ. ಆದರೆ ಸೇರು ಒಂದೇ ಇದ್ದು, ಅದನ್ನು ಹಿಡಿದವನು ಪ್ರಾಮಾಣಿಕನೇ ಆಗಿದ್ದು, ಅಳೆಯಬೇಕಾದದ್ದು ಮಾತ್ರ ಸೇರಿನಲ್ಲಿ ಹಿಡಿಯುವಂಥದ್ದು ಅಲ್ಲದಿದ್ದರೆ? ಹಾಲನ್ನು ಸೇರಿನಿಂದ ಅಳೆಯಬಹುದು, ದನದ ಆರೈಕೆಯನ್ನು ಅಳೆಯುವುದು ಹೇಗೆ? ಪ್ರತಿ ವರ್ಷ ದೇಶದ ಕಾಲೇಜು, ವಿಶ್ವವಿದ್ಯಾಲಯಗಳ ಕ್ರಮಾಂಕಪಟ್ಟಿ ಪತ್ರಿಕೆಯಲ್ಲಿ ಬಂದಾಗ ನನಗೆ ಈ ಪ್ರಶ್ನೆ ಏಳುತ್ತದೆ.

ಈ ಪಟ್ಟಿಗೆ ಎನ್.ಐ.ಆರ್.ಎಫ್. ಎಂದು ಹೆಸರು. ಕೇಂದ್ರ ಸರ್ಕಾರ 2015ರಲ್ಲಿ ಇದನ್ನು ಆರಂಭಿಸಿತು. ಮೊದಲ ಪಟ್ಟಿ ಬಂದದ್ದು 2016ರಲ್ಲಿ. ವಿಶ್ವವಿದ್ಯಾಲಯಗಳಿಗೆ ನೂರು ಅಂಕ. ಅದರಲ್ಲಿ ಬೋಧನೆ ಮತ್ತು ಸೌಕರ್ಯಗಳಿಗೆ 30, ಸಂಶೋಧನೆಗೆ 30, ಓದಿ ಹೊರಬಿದ್ದವರ ಫಲಿತಾಂಶಕ್ಕೆ 20, ಎಲ್ಲ ಬಗೆಯ ಜನರನ್ನು ಒಳಗೆ ಬಿಟ್ಟುಕೊಂಡದ್ದಕ್ಕೆ 10, ಹೊರಗಿನವರ ಅಭಿಪ್ರಾಯಕ್ಕೆ 10. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ವಿಶ್ವವಿದ್ಯಾಲಯಗಳ ಸಾಲಿನಲ್ಲಿ ಮೊದಲಿನಿಂದ ಪ್ರಥಮ ಸ್ಥಾನದಲ್ಲಿದೆ. ಅದಕ್ಕೆ ಯಾರ ತಕರಾರೂ ಇಲ್ಲ. ಕಾಲೇಜುಗಳ ಸಾಲಿನಲ್ಲಿ 2017ರಿಂದ 2023ರವರೆಗೆ ಏಳು ವರ್ಷ ಮೊದಲಿಗಳಾಗಿ ನಿಂತದ್ದು ದಿಲ್ಲಿಯ ಮಿರಾಂಡಾ ಹೌಸ್ ಎಂಬ ಹೆಣ್ಣುಮಕ್ಕಳ ಕಾಲೇಜು. ಹೆಣ್ಣುಮಕ್ಕಳನ್ನು ಓದಿಸಿ ಏನಾಗಬೇಕು ಎಂದು ಕೇಳುವವರಿಗೆ ಇದನ್ನು ತೋರಿಸಬೇಕು ಎಂದು ನಾನು ಖುಷಿಪಟ್ಟದ್ದುಂಟು.

ಈ ಪಟ್ಟಿ ನಮ್ಮ ಶಿವಬಸವ ನಗರದ ಒಂದು ಮನೆಯ ತಿಜೋರಿಯವರೆಗೆ ಬಂದದ್ದು ಹೋದ ಬೇಸಿಗೆಯಲ್ಲಿ. ಎದುರುಮನೆಯ ಹುಡುಗಿ ಬಿ.ಕಾಂ. ಮುಗಿಸಿದ್ದಳು, ಎಂ.ಬಿ.ಎ. ಮಾಡಬೇಕು. ದೂರದ ಊರಿನ ಒಂದು ಖಾಸಗಿ ವಿಶ್ವವಿದ್ಯಾಲಯದವರು ಬಣ್ಣದ ಪುಸ್ತಕ ಕಳಿಸಿದ್ದರು. ಮೊದಲ ಪುಟದಲ್ಲಿಯೇ ದಪ್ಪ ಅಕ್ಷರದಲ್ಲಿ ಕ್ರಮಾಂಕ. ಎರಡು ವರ್ಷಕ್ಕೆ ಎಂಟು ಲಕ್ಷ. ಅವರಮ್ಮ ಸಂಜೆ ಬಂದು ಕಟ್ಟೆಯ ಮೇಲೆ ಕೂತರು.

“ವೈನಿ, ಇಡೀ ದೇಶದಾಗ ನೂರರೊಳಗ ಐತಂತ್ರಿ. ನಮ್ಮ ಭೂತರಾಮನಹಟ್ಟೀದು ಮ್ಯಾಲಿನ ಸಾಲಿನಾಗ ಎಲ್ಲೂ ಕಾಣಲಿಲ್ಲ. ಪಾಟಲಿ, ಬಿಲ್ವಾರ ಎರಡೂ ಕೊಟ್ಟರ ಅರ್ಧ ಆಗತೈತಿ. ಉಳಿದದ್ದು ಬ್ಯಾಂಕಿಂದ ತಗೋತೀವ್ರಿ.”

ಅವರು ನನ್ನ ಸಲಹೆ ಕೇಳಲು ಬಂದಿರಲಿಲ್ಲ. ಒಪ್ಪಿಗೆ ಕೇಳಲು ಬಂದಿದ್ದರು. ತವರಿನವರು ಹಾಕಿದ ಬಂಗಾರ ಅದು. ಮನೆಯಲ್ಲಿ ಹೆಂಗಸಿನ ಹೆಸರಿನಲ್ಲಿ ನಿಜವಾಗಿ ಇರುವುದು ಅದೊಂದೇ ಎಂಬುದು ನಿಮಗೂ ಗೊತ್ತು. ಅದು ಮಗಳ ಓದಿಗೆ ಹೋದರೆ ನನಗೆ ಸಂತೋಷವೇ. ಆದರೆ ಒಂದು ಸಂಖ್ಯೆಯನ್ನು ನಂಬಿ ಹೋಗುವುದಾದರೆ ಆ ಸಂಖ್ಯೆ ಯಾವುದರಿಂದ ಆಯಿತು ಎಂದು ಬಿಡಿಸಿ ನೋಡಬೇಕಲ್ಲವೆ? ಹುಡುಗಿಯೇ ಫೋನಿನಲ್ಲಿ ಹುಡುಕಿ ತೆಗೆದಳು. ಪುಸ್ತಕದಲ್ಲಿದ್ದ ಕ್ರಮಾಂಕ ಇಡೀ ವಿಶ್ವವಿದ್ಯಾಲಯದ್ದು. ಆಡಳಿತಶಾಸ್ತ್ರಕ್ಕೆ ಬೇರೆಯೇ ಪಟ್ಟಿ ಇದೆ, ಅದರಲ್ಲಿ ಆ ಸಂಸ್ಥೆಯ ಹೆಸರಿರಲಿಲ್ಲ. ಇಡೀ ವಿಶ್ವವಿದ್ಯಾಲಯದ ಅಂಕದಲ್ಲಿ ದೊಡ್ಡ ಪಾಲು ಅದರ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ವಿಭಾಗದವರು ಬರೆದ ಸಂಶೋಧನ ಲೇಖನಗಳದ್ದು ಆಗಿರಬಹುದು. ಅಂದರೆ ಯಾರೋ ಬರೆದ ಲೇಖನಕ್ಕೆ ಇವಳ ಅಮ್ಮನ ಬಿಲ್ವಾರ! ಇದರಲ್ಲಿ ಸುಳ್ಳು ಯಾರೂ ಹೇಳಿಲ್ಲ, ನೋಡಿ.

ಇನ್ನು ಸರ್ಕಾರಿ ವಿಶ್ವವಿದ್ಯಾಲಯದ ಕಡೆಗೆ ಬರೋಣ. ನಮ್ಮದು ರಾಣಿ ಚನ್ನಮ್ಮ ವಿಶ್ವವಿದ್ಯಾಲಯ. ಅದಕ್ಕೂ ಮೊದಲು ಇಲ್ಲಿಯ ಮಕ್ಕಳಿಗೆ ವಿಶ್ವವಿದ್ಯಾಲಯವೆಂದರೆ ಧಾರವಾಡ. ಗೋಕಾಕ ಸೀಮೆಯ ಮಮದಾಪುರದಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಗಣಿತ ಓದಿ ಬಂದ ಡಿ.ಸಿ. ಪಾವಟೆಯವರು 1954ರಿಂದ 1967ರವರೆಗೆ ಅದರ ಕುಲಪತಿಗಳಾಗಿದ್ದು ಅದನ್ನು ಕಟ್ಟಿದರು. ಆದರೂ ಬೆಳಗಾವಿಯ ಸಾಮಾನ್ಯ ಮನೆಯ ಹೆಣ್ಣುಮಗಳಿಗೆ ಧಾರವಾಡ ದೂರವೇ. ಹಾಸ್ಟೆಲಿಗೆ ಯಾರು ಕಳಿಸುತ್ತಿದ್ದರು? ಗಂಡುಮಕ್ಕಳಿಗಾದರೆ ಮಠದ ಪ್ರಸಾದ ನಿಲಯಗಳಿದ್ದವು. ನಮ್ಮ ಬಡಾವಣೆಗೆ ಹೆಸರು ಕೊಟ್ಟ ಶಿವಬಸವ ಸ್ವಾಮಿಗಳ ನಾಗನೂರು ರುದ್ರಾಕ್ಷಿಮಠದಲ್ಲಿ ಉಂಡು ಓದಿದವರು ಎಷ್ಟೋ ಜನ. ಹೆಣ್ಣುಮಕ್ಕಳಿಗೆ ಬಿ.ಎ. ಆದಮೇಲೆ ಮದುವೆಯೇ ಮುಂದಿನ ತರಗತಿ. ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ 1982ರಲ್ಲಿ ಬೆಳಗಾವಿಗೆ ಬಂತು. ಅದೇ ಬೆಳೆದು 2010ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರು ಜಿಲ್ಲೆಗಳ ನೂರಾರು ಕಾಲೇಜುಗಳು ಅದರ ಸೆರಗಿಗೆ ಬಂದವು. ಈ ಕಾಲೇಜುಗಳ ಪಾಠಪಟ್ಟಿ, ಪರೀಕ್ಷೆ, ಪದವಿ ಎಲ್ಲ ಅದರದೇ ಹೊಣೆ. ಆದರೆ ವಿಶ್ವವಿದ್ಯಾಲಯದ ಕ್ರಮಾಂಕ ಎಣಿಸುವಾಗ ಸಂಯೋಜಿತ ಕಾಲೇಜುಗಳ ಮಕ್ಕಳು ಲೆಕ್ಕಕ್ಕಿಲ್ಲ. ಆವರಣದೊಳಗೆ ಓದುವವರು ಮಾತ್ರ. ದಿನವೆಲ್ಲ ಅಡಿಗೆ ಮಾಡಿ ನೂರು ಜನಕ್ಕೆ ಬಡಿಸಿದವಳನ್ನು, ಅವಳ ಸ್ವಂತ ತಟ್ಟೆಯಲ್ಲಿ ಏನಿತ್ತು ಎಂದು ಮಾತ್ರ ನೋಡಿ ಅಳೆದ ಹಾಗೆ ಇದು.

ಬೋಧನೆಗೆ ಕೊಡುವ 30 ಅಂಕಗಳ ಒಳಗೆ ಅಧ್ಯಾಪಕರ ಸಂಖ್ಯೆ, ಅವರ ಅನುಭವ, ಸಂಸ್ಥೆ ಮಾಡುವ ಖರ್ಚು ಸೇರಿವೆ. ಎಣಿಸುವುದು ಮುಖ್ಯವಾಗಿ ಖಾಯಂ ಅಧ್ಯಾಪಕರನ್ನು. ಅದು ಸರಿಯೇ. ಆದರೆ ಸರ್ಕಾರಿ ವಿಶ್ವವಿದ್ಯಾಲಯ ತನ್ನ ಇಚ್ಛೆಯಿಂದ ಖಾಯಂ ಹುದ್ದೆ ತುಂಬಲಾರದು. ಸರ್ಕಾರದ ಹಣಕಾಸು ಇಲಾಖೆ ಒಪ್ಪಬೇಕು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಡೆದಿವೆ. ಅವರಲ್ಲಿ ಎಷ್ಟೋ ಜನ ಹೆಣ್ಣುಮಕ್ಕಳು, ವರ್ಷ ವರ್ಷವೂ ಹೊಸದಾಗಿ ಅರ್ಜಿ ಹಾಕುವವರು. ಹೀಗೆ ಹುದ್ದೆ ತುಂಬದಿರುವುದು ಒಬ್ಬರು, ಅಂಕ ಕಳೆದುಕೊಳ್ಳುವುದು ಇನ್ನೊಬ್ಬರು. ಖರ್ಚಿನ ಮಾತೂ ಹಾಗೆಯೇ. ತಲಾ ವಿದ್ಯಾರ್ಥಿಗೆ ಹೆಚ್ಚು ಖರ್ಚು ಮಾಡಿದರೆ ಹೆಚ್ಚು ಅಂಕ. ನಮ್ಮಲ್ಲಿ ಯಾರಾದರೂ ಊಟದ ರುಚಿ ನೋಡದೆ ಕಿರಾಣಿ ಅಂಗಡಿಯ ಚೀಟಿ ನೋಡಿ ಗೃಹಿಣಿಗೆ ಬಹುಮಾನ ಕೊಟ್ಟದ್ದುಂಟೆ?

ಸಂಶೋಧನೆಯ 30 ಅಂಕಗಳ ಕಥೆ ನನ್ನ ಮನಸ್ಸಿಗೆ ಹೆಚ್ಚು ನೋವು ಕೊಡುವಂಥದ್ದು. ಲೇಖನಗಳ ಎಣಿಕೆಗೆ ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ವಿದೇಶಿ ಸೂಚಿಗಳನ್ನು ನೋಡುತ್ತಾರೆ. ಅವುಗಳಲ್ಲಿ ಇಂಗ್ಲಿಷಿನದೇ ಕಾರಭಾರ; ಕನ್ನಡದಲ್ಲಿ ಬರೆದದ್ದು ಇಲ್ಲವೆನ್ನುವಷ್ಟು ಕಡಿಮೆ. ಎಂ.ಎಂ. ಕಲಬುರ್ಗಿಯವರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದು ವಚನ, ಶಾಸನ, ಹಸ್ತಪ್ರತಿಗಳ ಮೇಲೆ ಮಾಡಿದ ಕೆಲಸ ಕನ್ನಡದಲ್ಲಿದೆ. ‘ಮಾರ್ಗ’ದ ನಾಲ್ಕನೆಯ ಸಂಪುಟಕ್ಕೆ 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಅಂಥ ವಿದ್ವತ್ತು ಈ ತಕ್ಕಡಿಯಲ್ಲಿ ತೂಗುವುದು ಎಷ್ಟು? ನಾಳೆ ಒಬ್ಬ ಹುಡುಗಿ ಖಾನಾಪುರದ ಕಾಡಂಚಿನ ಹೆಂಗಸರ ಬೀಸುಕಲ್ಲಿನ ಹಾಡು ಕೂಡಿಸಿ ಕನ್ನಡದಲ್ಲಿ ಪ್ರಬಂಧ ಬರೆದರೆ, ಅವಳ ವಿಭಾಗದವರು ಪಟ್ಟಿಯ ಹೆದರಿಕೆಯಿಂದ “ಇದರಿಂದ ನಮಗೇನು ಬಂತು?” ಎಂದು ಕೇಳುವ ದಿನ ಬರಬಾರದು. ರಾಸಾಯನಿಕಶಾಸ್ತ್ರಕ್ಕೆ ಈ ಸೂಚಿಗಳು ಸರಿಯಾದ ಸೇರು ಇದ್ದಾವು. ಒಂದು ನಾಡಿನ ನೆನಪನ್ನು ಕಾಪಾಡುವ ಕೆಲಸಕ್ಕೆ ಅಲ್ಲ.

ಉಳಿದದ್ದು, ಎಲ್ಲರನ್ನೂ ಒಳಗೆ ಬಿಟ್ಟುಕೊಂಡದ್ದಕ್ಕೆ ಇರುವ ಹತ್ತು ಅಂಕ. ಹಲವು ವರ್ಷ ಬಳಕೆಯಲ್ಲಿದ್ದ ಸೂತ್ರದಲ್ಲಿ ಈ ಹತ್ತನ್ನು ಹೀಗೆ ಹಂಚಿದ್ದರು: ಹೊರರಾಜ್ಯ, ಹೊರದೇಶದ ವಿದ್ಯಾರ್ಥಿಗಳಿಗೆ 3, ಹೆಣ್ಣುಮಕ್ಕಳಿಗೆ 3, ಆರ್ಥಿಕವಾಗಿ, ಸಾಮಾಜಿಕವಾಗಿ ಹಿಂದುಳಿದವರಿಗೆ 2, ಅಂಗವಿಕಲರ ಸೌಕರ್ಯಕ್ಕೆ 2. ನೂರರಲ್ಲಿ ಎರಡು! ಬಡವರ ಮಕ್ಕಳನ್ನು ಓದಿಸುವುದಕ್ಕೆಂದೇ ಹುಟ್ಟಿದ ಸಂಸ್ಥೆಯ ಮುಖ್ಯ ಕೆಲಸಕ್ಕೆ ಬೆಲೆ ಎರಡು. ಅದನ್ನೂ ಅಳೆಯುವುದು, ಪೂರ್ತಿ ಬೋಧನಾ ಶುಲ್ಕ ಮರಳಿ ಪಡೆದ ಪದವಿ ವಿದ್ಯಾರ್ಥಿಗಳು ಎಷ್ಟು ಎಂಬುದರಿಂದ. ಮೊದಲಿಗೇ ಶುಲ್ಕ ಕಡಿಮೆ ಇಟ್ಟದ್ದಕ್ಕೆ ಪ್ರತ್ಯೇಕ ಅಂಕವಿಲ್ಲ. ಇನ್ನು ಹೆಣ್ಣುಮಕ್ಕಳ ಲೆಕ್ಕ ಕೇಳಿ: ವಿದ್ಯಾರ್ಥಿನಿಯರು ನೂರಕ್ಕೆ 50 ಇದ್ದರೆ ಪೂರ್ಣ ಅಂಕ, ಅಧ್ಯಾಪಕಿಯರು ನೂರಕ್ಕೆ 20 ಇದ್ದರೆ ಪೂರ್ಣ ಅಂಕ. ಕಲಿಯುವುದಕ್ಕೆ ಅರ್ಧ, ಕಲಿಸುವುದಕ್ಕೆ ಐದರಲ್ಲೊಂದು ಸಾಕು ಎಂದು ಯಾರು ಗೊತ್ತು ಮಾಡಿದರೋ! ದಿಲ್ಲಿಯಲ್ಲಿ ಕೂತು ಸೂತ್ರ ಬರೆಯುವವರ ಮನೆಯಲ್ಲೂ ಯಜಮಾನಿಕೆಯ ಲೆಕ್ಕ ಹೀಗೆಯೇ ಇರಬೇಕು.

ಹೊರರಾಜ್ಯದ 3 ಅಂಕಗಳನ್ನು ನೋಡಿದರೆ ನಮ್ಮಂಥ ಗಡಿಯೂರಿನವರಿಗೆ ನಗು ಬರುತ್ತದೆ. ಬೆಳಗಾವಿಯಿಂದ ಚಂದಗಡ ಬಸ್ಸಿನಲ್ಲಿ ಹೋಗಿ ಅದೇ ದಿನ ಮರಳುವಷ್ಟು ಹತ್ತಿರ. ಆದರೆ ಅದು ಮಹಾರಾಷ್ಟ್ರ. ಅಲ್ಲಿಂದ ಒಬ್ಬ ಹುಡುಗಿ ಬಂದರೆ ಸಂಸ್ಥೆ ದೇಶವ್ಯಾಪಿಯಾಯಿತು. ಇಡೀ ರಾತ್ರಿ ಬಸ್ಸಿನಲ್ಲಿ ಕೂತು ಬೀದರಿನಿಂದ ಬಂದವಳು ಮಾತ್ರ ಸ್ಥಳೀಕಳು. ಕಣಕುಂಬಿ, ಜಾಂಬೋಟಿ ಕಡೆಯ ಹುಡುಗಿ ಮನೆಯಲ್ಲಿ ಮರಾಠಿ ಅಥವಾ ಕೊಂಕಣಿ ಆಡಿ, ಶಾಲೆಯಲ್ಲಿ ಕನ್ನಡ ಕಲಿತು, ಕಾಲೇಜಿನಲ್ಲಿ ಇಂಗ್ಲಿಷಿನ ಪುಸ್ತಕ ಬಿಚ್ಚುತ್ತಾಳೆ. ಮಳೆಗಾಲದಲ್ಲಿ ಅವಳು ಬಸ್ಸಿನ ರಸ್ತೆಗೆ ಬರುವುದೇ ಒಂದು ಪ್ರವಾಸ. ಅವಳು ದಾಟಿದ ಗಡಿಗಳು ಯಾವ ಕೋಷ್ಟಕದಲ್ಲಿಯೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಹಾಗಾದರೆ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಮಾಫಿ ಕೊಡೋಣವೆ ಎಂದು ನೀವು ಕೇಳಬಹುದು. ನಾನು ಕೊಡಲಾರೆ. ನಮ್ಮ ಬಳಗದ ಒಬ್ಬ ಹುಡುಗಿಯ ಅಂಕಪಟ್ಟಿ ಒಂದು ವಿಶ್ವವಿದ್ಯಾಲಯದಿಂದ ತಿಂಗಳುಗಟ್ಟಲೆ ಬರಲಿಲ್ಲ. ಸಿಕ್ಕ ಕೆಲಸ ಕೈತಪ್ಪಿತು. ಬಡವರ ಮಕ್ಕಳಿಗೆ ಕಲಿಸುತ್ತೇವೆ ಎಂಬುದು ಕೆಟ್ಟದಾಗಿ ಕಲಿಸುವುದಕ್ಕೆ ಪರವಾನಗಿಯಲ್ಲ. ಬಡವರ ಮಗಳಿಗೆ ಇರುವುದು ಅದೊಂದೇ ಬಾಗಿಲು, ಆದ್ದರಿಂದ ಆ ಬಾಗಿಲು ಹೆಚ್ಚು ಗಟ್ಟಿಯಾಗಿರಬೇಕು. ಪಟ್ಟಿ ಅನ್ಯಾಯದ್ದು ಎಂದು ಭಾಷಣ ಮಾಡುವ ಕೆಲವರಿಗೆ ಪಟ್ಟಿಯ ಮೇಲೆ ಸಿಟ್ಟಿರುವುದು ಅದು ತಪ್ಪು ಅಳೆಯುತ್ತದೆ ಎಂದಲ್ಲ, ಅಳೆಯುತ್ತದೆ ಎಂದು. ಪಟ್ಟಿಯೇ ಬೇಡ ಎನ್ನುವವರ ಜೊತೆ ನಾನಿಲ್ಲ. ಎಷ್ಟು ಅಧ್ಯಾಪಕರು, ಎಷ್ಟು ಖರ್ಚು, ಎಷ್ಟು ಜನ ಹೆಣ್ಣುಮಕ್ಕಳು ಎಂಬುದೆಲ್ಲ ಹತ್ತು ಜನರ ಕಣ್ಣಿಗೆ ಬೀಳುವಂತಾದದ್ದು ಇದರಿಂದಲೇ. ಮೊದಲು ಈ ಲೆಕ್ಕ ಕೇಳಲು ಹೋದರೆ ಗುಮಾಸ್ತರು ನಾಳೆ ಬನ್ನಿ ಎನ್ನುತ್ತಿದ್ದರು.

ಆದರೂ ಈ ಲೆಕ್ಕದಲ್ಲಿ ಬಹುಪಾಲು ಸಂಸ್ಥೆಗಳು ತಾವೇ ಬರೆದುಕೊಟ್ಟದ್ದು ಎಂಬುದನ್ನು ಮರೆಯಬಾರದು. ಅಮೆರಿಕದಲ್ಲಿ ಇಂಥ ಪಟ್ಟಿ 1983ರಿಂದ ಇದೆ. ಅಲ್ಲಿ 2022ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಒಬ್ಬ ಗಣಿತದ ಪ್ರಾಧ್ಯಾಪಕರು ತಮ್ಮದೇ ಸಂಸ್ಥೆ ಕೊಟ್ಟ ಅಂಕಿಗಳು ಸರಿಯಿಲ್ಲವೆಂದು ತೋರಿಸಿದರು. ಎರಡನೆಯ ಸ್ಥಾನದಲ್ಲಿದ್ದದ್ದು ಹದಿನೆಂಟಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಅಲ್ಲಿಯ ಪಾಠ ಅಷ್ಟು ಕೆಟ್ಟಿತೆ? ಮೊದಲಿದ್ದ ಸಂಖ್ಯೆ ಪಾಠದ್ದಾಗಿರಲಿಲ್ಲ, ಅಷ್ಟೆ.

2024ರಲ್ಲಿ ನಮ್ಮ ಪಟ್ಟಿಯವರು ರಾಜ್ಯ ಸರ್ಕಾರಗಳ ವಿಶ್ವವಿದ್ಯಾಲಯಗಳಿಗೆ ಬೇರೆಯೇ ಸಾಲು ಮಾಡಿದರು. ಓಟದಲ್ಲಿ ಬೂಟು ಇಲ್ಲದವರನ್ನು ಬೇರೆ ನಿಲ್ಲಿಸಿದ ಹಾಗೆ, ಒಳ್ಳೆಯದೇ. ಆದರೆ ಅಳೆಯುವ ಸೇರು ಹೆಚ್ಚುಕಡಿಮೆ ಅದೇ ಉಳಿಯಿತು. ನಾನು ಬಯಸುವುದು ಬೇರೆ ಪ್ರಶ್ನೆಗಳನ್ನು. ಮನೆತನದಲ್ಲಿ ಮೊದಲ ಪದವೀಧರೆ ಎನಿಸಿದವರು ಎಷ್ಟು? ಒಳಗೆ ಬಂದಾಗ ಎಷ್ಟು ಬಲ್ಲವರಾಗಿದ್ದರು, ಹೊರಗೆ ಹೋಗುವಾಗ ಎಷ್ಟು? ಮದುವೆಯಾಗಿ ನಡುವೆ ಬಿಟ್ಟವರಲ್ಲಿ ಮರಳಿ ಬಂದವರು ಎಷ್ಟು? ಇವೂ ಎಣಿಸಬಲ್ಲ ಸಂಗತಿಗಳೇ, ಕಷ್ಟವಾದರೂ. ನೂರರಲ್ಲಿ 85 ಪಡೆದು ಬಂದವಳನ್ನು 90ಕ್ಕೆ ಮುಟ್ಟಿಸಿದವರು ಹೆಚ್ಚೋ, 35 ಪಡೆದು ಬಂದವಳನ್ನು 65ಕ್ಕೆ ತಂದವರು ಹೆಚ್ಚೋ ಎಂಬುದಕ್ಕೆ ಯಾವ ಶಾಲೆಯ ಮಾಸ್ತರರೂ ಉತ್ತರ ಹೇಳುತ್ತಾರೆ.

ಇದು ಬರೀ ಮಾನ-ಮರ್ಯಾದೆಯ ಪ್ರಶ್ನೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅಳತೆಯ ಹಿಂದೆಯೇ ಕತ್ತರಿ ಬರುತ್ತದೆ. 2025ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟದ ಉಪಸಮಿತಿ, ಹೊಸದಾಗಿ ಆದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಬಹುದೆಂದು ಹೇಳಿತು, ಕಾರಣ ಹಣದ್ದು. ಅದರಲ್ಲಿ ನಮ್ಮದರಿಂದಲೇ ಬೇರೆಯಾಗಿ ಹೋದ ಬಾಗಲಕೋಟೆಯದೂ ಇತ್ತು. ಹಣವಿಲ್ಲದೆ ತೆರೆದದ್ದು ತಪ್ಪೆಂದು ವಾದಿಸಬಹುದು, ನನಗೂ ಅರ್ಧ ಹಾಗೇ ಅನಿಸುತ್ತದೆ. ಆದರೆ ಅಲ್ಲಿ ಸೇರಿದ ಹುಡುಗಿಯರು ದೂರದ ಊರಿಗೆ ಹೋಗುತ್ತಾರೆಯೆ, ಮನೆಗೆ ಮರಳುತ್ತಾರೆಯೆ ಎಂಬುದು ಹಣದ ಲೆಕ್ಕದ ಯಾವ ಕಲಮಿನಲ್ಲಿ ಬರುತ್ತದೆ?

2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೇಟಿಲ್ಲ. ಮುಂಜಾನೆ ಖಾನಾಪುರದ ಬಸ್ಸು ಬಂದು ನಿಂತಾಗ ಒಮ್ಮೆ ನೋಡಿ: ಬಗಲಿಗೆ ಚೀಲ, ಕೈಯಲ್ಲಿ ಡಬ್ಬಿ, ನಿಂತೇ ಬಂದ ಹುಡುಗಿಯರು ಇಳಿಯುತ್ತಲೇ ಇರುತ್ತಾರೆ. ಎದುರುಮನೆಯ ತಾಯಿ ಮಗಳು ಒಂದು ದಿನ ಭೂತರಾಮನಹಟ್ಟಿಗೂ, ಇನ್ನೊಂದು ದಿನ ರೈಲು ಹತ್ತಿ ಆ ದೂರದ ಊರಿಗೂ ಹೋಗಿ ಬಂದರು. ಎರಡೂ ಕಡೆ ವಿಭಾಗದೊಳಗೆ ಹೋಗಿ ಖಾಯಂ ಅಧ್ಯಾಪಕರು ಎಷ್ಟು, ಹೋದ ವರ್ಷ ಓದಿದವರು ಈಗೆಲ್ಲಿದ್ದಾರೆ ಎಂದು ಕೇಳಿ ಬರೆದುಕೊಂಡು ಬಂದರು. ಎರಡನೆಯ ಕಡೆ ಎರಡನೆಯ ಪ್ರಶ್ನೆಗೆ ಮತ್ತೆ ಅದೇ ಬಣ್ಣದ ಪುಸ್ತಕ ಕೊಟ್ಟರಂತೆ. ಪಾಟಲಿ, ಬಿಲ್ವಾರ ಈಗಲೂ ತಿಜೋರಿಯಲ್ಲಿವೆ. ಹುಡುಗಿ ಏಳೂವರೆಗೆ ಬಸ್ಸು ಹಿಡಿಯುತ್ತಾಳೆ.